ವರ್ಜೀನಿಯಾ ಫ್ಲೇಕ್ (ಒತ್ತಿ ಪಟ್ಟಿಯಾಗಿ ಕತ್ತರಿಸಿದ ಪೈಪ್ ತಂಬಾಕು) ಸೇದಿದರೆ ನಾಲಿಗೆ ಉರಿಯುವುದೇಕೆ?

ಪೈಪಿನ ತಪ್ಪಲ್ಲ, ಬಹುಮಟ್ಟಿಗೆ ತಂಬಾಕು ಹಸಿಯಾಗಿದೆ, ನೀವು ಆತುರದಲ್ಲಿ ಎಳೆಯುತ್ತಿದ್ದೀರಿ. ವರ್ಜೀನಿಯಾ ಎಲೆಯಲ್ಲಿ ಸಕ್ಕರೆ ಹೆಚ್ಚು. ವಿಪರೀತ ಕಾದರೆ ಸಿಹಿ ಹೋಗಿ ಉರಿಯಷ್ಟೇ ಉಳಿಯುತ್ತದೆ. ಫ್ಲೇಕ್ ಪಟ್ಟಿಯನ್ನು ಅಂಗೈಯಲ್ಲಿ ಉಜ್ಜಿ ಬಿಡಿಸಿ, ಕಾಗದದ ಮೇಲೆ ಒಂದು ಗಂಟೆ ಹರಡಿಡಿ. ಮಳೆಗಾಲವಾದರೆ ಇನ್ನಷ್ಟು ಹೊತ್ತು. ಚಿಟಿಕೆಯಷ್ಟನ್ನು ಹಿಸುಕಿ ಬಿಟ್ಟಾಗ ಮುದ್ದೆಯಾಗದೆ ಬಿಚ್ಚಿಕೊಳ್ಳಬೇಕು. ಪುಡಿಯಾದರೆ ಒಣಗಿದ್ದು ಅತಿಯಾಯಿತು. ಪೈಪಿನ ತಳದಲ್ಲಿ ಸಡಿಲವಾಗಿ, ಮೇಲೆ ತುಸು ಬಿಗಿಯಾಗಿ ತುಂಬಿ. ಮೊದಲ ಕಡ್ಡಿಗೆ ಮೇಲ್ಪದರ ಉಬ್ಬುತ್ತದೆ. ಮೆಲ್ಲಗೆ ಒತ್ತಿ ಮತ್ತೆ ಹಚ್ಚಿ. ಆಮೇಲೆ ಬಿಸಿ ಕಾಫಿ ಗುಟುಕರಿಸುವಷ್ಟು ನಿಧಾನ ಸಾಕು. ಪೈಪ್ ಕೈಗೆ ಸುಡುವಂತಾದರೆ ಕೆಳಗಿಡಿ, ಆರಿದರೆ ಆರಲಿ. ಈಗಿನ ಉರಿ ಶಮನವಾಗುವವರೆಗೆ ಪೈಪ್ ಮುಟ್ಟಬೇಡಿ. ಎರಡು ವಾರವಾದರೂ ಮಾಯದ ಹುಣ್ಣಿದ್ದರೆ ವೈದ್ಯರಿಗೆ ತೋರಿಸಿ.