ಮಡಿಕೇರಿಯ ಮಳೆಗಾಲದಲ್ಲಿ ಬರಹಗಾರರ ಪುಸ್ತಕಗಳಿಗೆ ಬೂಷ್ಟು ಹಿಡಿಯುವುದೇಕೆ, ತಡೆಯುವುದು ಹೇಗೆ?

ಒಂದು ಹನಿ ನೀರು ಬೀಳದಿದ್ದರೂ ಪುಸ್ತಕಕ್ಕೆ ಬೂಷ್ಟು ಬರುತ್ತದೆ, ಏಕೆಂದರೆ ಕಾಗದ ಗಾಳಿಯ ತೇವವನ್ನೇ ಹೀರುತ್ತದೆ. ಗಾಳಿಯ ತೇವಾಂಶ ಶೇ. 65-70 ದಾಟಿ ಕೆಲವು ದಿನ ಹಾಗೇ ನಿಂತರೆ ಸಾಕು. ಮೊದಲು ಹಿಡಿಯುವುದು ಬಟ್ಟೆಯ ರಟ್ಟಿಗೆ, ಬೆನ್ನಿನ ಅಂಟಿಗೆ. ಅಲ್ಲಿನ ಗಂಜಿಯೇ ಅದಕ್ಕೆ ಆಹಾರ.

ಮಳೆ ಬಡಿಯುವ ಹೊರಗೋಡೆ ತಣ್ಣಗಿರುತ್ತದೆ, ಅದರ ಪಕ್ಕದ ಗಾಳಿ ಇನ್ನೂ ತೇವ. ಹಾಗಾಗಿ ಕಪಾಟು ಒಳಗೋಡೆಯ ಕಡೆಗಿರಲಿ, ನಡುವೆ ನಾಲ್ಕು ಇಂಚು ಜಾಗವಿರಲಿ. ದಿನವೂ ತೆಗೆಯುವ ನಿಘಂಟು, ಆಕರ ಪುಸ್ತಕಗಳ ಮುಚ್ಚಿದ ಕಪಾಟಿನಲ್ಲಿ 15 ವ್ಯಾಟಿನ ಹಳೇ ತಂತಿ ಬಲ್ಬು ಉರಿಸಿ, ಕಾಗದದಿಂದ ಒಂದು ಅಡಿ ದೂರದಲ್ಲಿ. ಗಾಳಿ ಎರಡು ಮೂರು ಡಿಗ್ರಿ ಬೆಚ್ಚಗಾದರೂ ಕಾಗದ ಹೀರುವ ತೇವ ಕಡಿಮೆಯಾಗುತ್ತದೆ. ಎಲ್‌ಇಡಿಯಿಂದ ಈ ಕೆಲಸವಾಗದು, ಅದಕ್ಕೆ ಅಷ್ಟು ಬಿಸಿಯಿಲ್ಲ.

ಹಸ್ತಪ್ರತಿಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ, ಆದರೆ ಮಾರ್ಚ್‌ನಲ್ಲೇ. ಜುಲೈನಲ್ಲಿ ತುಂಬಿದರೆ ಕಾಗದದೊಳಗಿನ ತೇವ ಅಲ್ಲೇ ಸಿಕ್ಕಿಕೊಂಡು ಡಬ್ಬಿಯೇ ಬೂಷ್ಟಿನ ಮನೆಯಾಗುತ್ತದೆ. ಬಹಳ ಜನ ಮಾಡುವ ತಪ್ಪು ಇದೇ.

ಬೂಷ್ಟು ಬಂದೇಬಿಟ್ಟರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಕಲೆ ಕಾಗದದೊಳಗೆ ಇಳಿಯುತ್ತದೆ. ಪುಸ್ತಕವನ್ನು ಬಿಡಿಸಿ ನಿಲ್ಲಿಸಿ, ಫ್ಯಾನ್ ಹಾಕಿದ ಕೋಣೆಯಲ್ಲಿ, ಗಾಳಿ ನೇರ ಬೀಳದಂತೆ, ಪೂರ್ತಿ ಒಣಗಿಸಿ. ಬಿಳಿ ಪುಡಿ ಒಣಗಿ ಉದುರುವಂತಾದ ಮೇಲೆ ಮಾಸ್ಕ್ ಹಾಕಿಕೊಂಡು, ಜಗಲಿಯಲ್ಲಿ, ಮೆತ್ತನೆಯ ಬ್ರಷ್‌ನಿಂದ ಬೆನ್ನಿನ ಕಡೆಯಿಂದ ಹೊರಕ್ಕೆ ಗುಡಿಸಿ. ಒಲೆಯ ಹತ್ತಿರ ಮಾತ್ರ ಇಡಬೇಡಿ: ಅಂಟು ಬಿರುಕು ಬಿಟ್ಟು ಹಾಳೆಗಳು ಕಳಚುತ್ತವೆ.