ಸಕಲೇಶಪುರದ ಕಡೆ ಕಾಡಿನಲ್ಲಿ ಸಲಮಾಂಡರ್ ನೋಡಲು ಸಿಗುತ್ತವಾ?

ನೇರವಾಗಿ ಹೇಳಿಬಿಡುತ್ತೇನೆ, ಇಲ್ಲ. ಸಕಲೇಶಪುರ ಬಿಡಿ, ಇಡೀ ಪಶ್ಚಿಮ ಘಟ್ಟದಲ್ಲೇ ಸಲಮಾಂಡರ್ ಇಲ್ಲ. ಹೋಂಸ್ಟೇ ಹತ್ತಿರದ ಹಳ್ಳದಲ್ಲಿ ಕಲ್ಲು ಎತ್ತಿದಾಗ ನಾಲ್ಕು ಕಾಲಿನ, ಮಿರಿಮಿರಿ ಮಿಂಚುವ ಪ್ರಾಣಿಯೊಂದು ಸರ್ರನೆ ಓಡಿತು ಅಂತ ಬರೆದಿದ್ದೀರಲ್ಲ, ಅದು ಹಾವುರಾಣಿ ಇರಬೇಕು. ನಮ್ಮ ಕಾಫಿ ತೋಟದಲ್ಲಿ ತರಗೆಲೆ ಕೆದಕಿದರೆ ಬೇಕಾದಷ್ಟು ಸಿಗುತ್ತವೆ. ಅದು ಹಲ್ಲಿ ಬಳಗದ್ದು, ಮೈತುಂಬ ನುಣುಪು ಹುರುಪೆ. ಸಲಮಾಂಡರ್ ಕಪ್ಪೆಯ ಸಂಬಂಧಿ. ಹುರುಪೆ ಇಲ್ಲ, ಚರ್ಮ ತೇವವಾಗಿರುತ್ತದೆ, ನಡಿಗೆಯೂ ನಿಧಾನ.

ಇಲ್ಲಿ ಯಾಕಿಲ್ಲ ಅಂದರೆ, ಅವುಗಳ ವಂಶ ಬೆಳೆದದ್ದು ಉತ್ತರದ ಭೂಖಂಡಗಳಲ್ಲಿ. ನಮ್ಮ ನೆಲ ಆಗ ದಕ್ಷಿಣದಲ್ಲಿ ಬೇರೆಯಾಗಿತ್ತು, ಏಷ್ಯಾಕ್ಕೆ ಬಂದು ತಾಗಿದ್ದೇ ಸುಮಾರು 5 ಕೋಟಿ ವರ್ಷದ ಹಿಂದೆ. ಹಿಮಾಲಯದ ಪೂರ್ವ ಭಾಗದ ತನಕ ಬಂದ ಸಲಮಾಂಡರ್‌ಗಳು ಈ ಕಡೆ ಇಳಿಯಲೇ ಇಲ್ಲ.

ಆದರೆ ನಮ್ಮಲ್ಲಿ ಅವುಗಳ ದಾಯಾದಿ ಒಂದಿದೆ, ಸಿಸಿಲಿಯನ್. ಕಪ್ಪೆ ಕುಲದ್ದೇ, ಕಾಲು ಮಾತ್ರ ಇಲ್ಲ. ನನ್ನ ಕೇಳಿದರೆ ಸಲಮಾಂಡರ್‌ಗಿಂತ ಇದೇ ವಿಚಿತ್ರ. ಆದರೆ ಇಲ್ಲೇ ಹುಟ್ಟಿ ಬೆಳೆದವರೂ ಹಾವಿನ ಮರಿ ಅಂತ ಸುಮ್ನೆ ಹೊಡೆದು ಹಾಕುತ್ತಾರೆ. ಆರಿದ್ರಾ ಮಳೆ ಹಿಡಿದ ಮೇಲೆ ಗೊಬ್ಬರದ ಗುಂಡಿ ಪಕ್ಕ, ಅಡಿಕೆ ತೋಟದ ಬಸಿಗಾಲುವೆ ಅಂಚಲ್ಲಿ ನೋಡಿ. ನಾನು ಕೂತು ಸರಿಯಾಗಿ ನೋಡಿದ್ದು ಕೊಳೆತ ಬಾಳೆ ದಿಂಡಿನ ಕೆಳಗೆ. ಕಂದು ನೇರಳೆ ಬಣ್ಣ, ಪಕ್ಕೆಯುದ್ದಕ್ಕೂ ಹಳದಿ ಪಟ್ಟೆ, ಮೈಯೆಲ್ಲ ಉಂಗುರ ಉಂಗುರ. ಕಣ್ಣು ಅಂದರೆ ಚರ್ಮದಡಿ ಒಂದು ಚುಕ್ಕೆ, ಅಷ್ಟೇ. ಅದರ ಮುಂದೆ ಪುಟ್ಟ ಮೀಸೆಯಂಥದ್ದು ಇಣುಕುತ್ತದೆ, ಮಣ್ಣಿನೊಳಗೆ ವಾಸನೆ ಹಿಡಿಯುವುದು ಅದರಿಂದ. ಸುರುಳಿ ಸುತ್ತಿ ಮಲಗಿತ್ತು, ಸುರುಳಿಯೊಳಗೆ ನೆನೆಸಿದ ಸಬ್ಬಕ್ಕಿಯಂಥ ಮೊಟ್ಟೆ. ಮರಿ ಹೊರಬರುವ ತನಕ ತಾಯಿ ಹೀಗೇ ಕಾಯುತ್ತದೆ, ಆಮೇಲೆ ಮರಿಗಳು ಪಕ್ಕದ ನೀರಿಗೆ ಇಳಿದು ಬೆಳೆಯುತ್ತವೆ. ದಿಂಡನ್ನು ಇದ್ದ ಹಾಗೇ ಮುಚ್ಚಿ ಬಂದೆ.

ಗುರುತು ಹಿಡಿಯುವುದು ಕಷ್ಟವಲ್ಲ. ದವಡೆ, ಹಲ್ಲು ಇದೆ, ಹಾಗಾಗಿ ಎರೆಹುಳ ಅಲ್ಲ (ಎರೆಹುಳವನ್ನೇ ತಿನ್ನುತ್ತದೆ). ಹಾವಿನ ಹಾಗೆ ನಾಲಿಗೆ ಚಾಚುವುದಿಲ್ಲ. ನಮಗೇನೂ ಮಾಡುವುದಿಲ್ಲ.

ಒಂದು ವಿಷಯ ಜಾಸ್ತಿ ಜನಕ್ಕೆ ಹೊಳೆಯುವುದಿಲ್ಲ. ಇಂಬಳಕ್ಕೆ ಅಂತ ಉಪ್ಪು, ಹೊಗೆಸೊಪ್ಪು ಉಜ್ಜಿಕೊಂಡಿರುತ್ತೀರಿ, ಅದೇ ಕೈಯಲ್ಲಿ ಕಪ್ಪೆಯನ್ನಾಗಲಿ ಇದನ್ನಾಗಲಿ ಮುಟ್ಟಬೇಡಿ. ಚರ್ಮದಿಂದಲೂ ಉಸಿರಾಡುವ ಪ್ರಾಣಿಗಳು, ಉರಿದು ಹೋಗುತ್ತದೆ. ಸೊಳ್ಳೆ ಕ್ರೀಮೂ ಅಷ್ಟೇ. ಕಲ್ಲು ಎತ್ತುವಾಗ ಆಚೆ ಅಂಚನ್ನು ಹಿಡಿದು ನಿಮ್ಮ ಕಡೆಗೆ ವಾಲಿಸಿ, ಬೆರಳಿನಿಂದಲ್ಲ, ಕೊಕ್ಕೆಯಿಂದ. ಕೆಳಗೆ ಹಾವಿದ್ದರೆ ಕಲ್ಲು ಅಡ್ಡ ಇರುತ್ತದೆ, ಅದು ಆಚೆ ಹೋಗುತ್ತದೆ. ತೋಟವಾದರೆ ಮಾಲೀಕರನ್ನು ಕೇಳಿ, ಬಿಸ್ಲೆ ಕಡೆ ಮೀಸಲು ಅರಣ್ಯಕ್ಕೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ನುಗ್ಗಬೇಡಿ.

ಇಲ್ಲ, ಸಲಮಾಂಡರೇ ನೋಡಬೇಕು ಅಂದರೆ ಡಾರ್ಜಿಲಿಂಗ್‌ಗೆ ರೈಲು ಹತ್ತಿ. ಸುಖಿಯಾಪೋಖ್ರಿ ಹತ್ತಿರ ಜೋರ್‌ಪೋಖ್ರಿ ಅಂತ ಪುಟ್ಟ ವನ್ಯಧಾಮ ಇದೆ, ಅದು ಹೆಸರು ಮಾಡಿರುವುದೇ ಈ ಪ್ರಾಣಿಯಿಂದ. ಅಲ್ಲಿನ ಜಾತಿಗೆ ಟೈಲೋಟೋಟ್ರೈಟಾನ್ ಹಿಮಾಲಯಾನಸ್ ಅಂತ ಬೇರೆ ಹೆಸರು ಬಿದ್ದದ್ದು 2015ರಲ್ಲಿ. ಮಳೆ ಶುರುವಾದಾಗ ಮೊಟ್ಟೆ ಇಡಲು ಕೊಳಕ್ಕೆ ಬರುತ್ತವೆ, ಆಗಲೇ ಹೋಗಿ. ಡಿಸೆಂಬರ್ ರಜೆಗೆ ಹೋದರೆ ಎಲ್ಲೋ ಕಲ್ಲು, ಮರದ ಬೊಡ್ಡೆ ಕೆಳಗೆ ಅಡಗಿರುತ್ತವೆ, ನೀವು ಬರೀ ಕೊಳ ನೋಡಿ ವಾಪಸ್ ಬರಬೇಕಾಗುತ್ತದೆ.