ಅಕ್ಕ ಒಯ್ದ ಬೋರಮಾಳ ವಾಪಸ್ ಕೊಡ್ತಿಲ್ಲ, ಸ್ಟೇಷನ್‌ಗೆ ಹೋಗಲಾ?

ಮದುವೆಗೆ ಹಾಕ್ಕೋತೀನಿ ಅಂತ ಗದಗಿನ ನಿಮ್ಮ ಅಕ್ಕ ಒಯ್ದ ಎರಡು ತೊಲೆ ಬೋರಮಾಳ ಸರ ವರ್ಷವಾದರೂ ಬಂದಿಲ್ಲ, ಪೊಲೀಸರಿಗೆ ಕಂಪ್ಲೇಂಟ್ ಕೊಡಲಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಕೇಸ್ ಆಗಿ ಸರ ಸಿಕ್ಕರೂ ಅದು ಮುದ್ದೆಮಾಲು, ಅಂದರೆ ಕೇಸಿನ ಸಾಕ್ಷ್ಯದ ವಸ್ತು, ಅಂತ ಜಪ್ತಿಯಾಗುತ್ತದೆ. ಬಿಡಿಸಿಕೊಳ್ಳೋಕೆ ಕೋರ್ಟಿಗೆ ಅರ್ಜಿ ಹಾಕಬೇಕು. ಮೊದಲು ಸರ ಎಲ್ಲಿದೆ ಅಂತ ತಿಳಿದುಕೊಳ್ಳಿ.

ಹುಬ್ಬಳ್ಳಿಯ ನಮ್ಮ ಬಳಗದಲ್ಲಿ ನಾನು ಕಂಡ ಹಾಗೆ, ವಾಪಸ್ ಬರದ ಬಂಗಾರ ಬಹಳ ಸಲ ಅಡ ಬಿದ್ದಿರುತ್ತದೆ. ಬೀಜ-ಗೊಬ್ಬರಕ್ಕೋ, ಆಸ್ಪತ್ರೆ ಖರ್ಚಿಗೋ. ಕೊಡಬಾರದು ಅಂತ ಅಲ್ಲ, ಹೇಳೋಕೆ ನಾಚಿಕೆ. ಸಾಲ ಅಕ್ಕನ ಹೆಸರಲ್ಲಿದ್ದರೆ ಬಿಡಿಸೋಕೆ ಅವರ ಸಹಿಯೇ ಬೇಕು. ಹರಾಜಿನ ನೋಟಿಸ್ ಬಂದರೂ ಅವರ ವಿಳಾಸಕ್ಕೇ ಬರುತ್ತದೆ, ನಿಮಗೆ ಗೊತ್ತೇ ಆಗಲ್ಲ. ಅಂದಮೇಲೆ ಅಕ್ಕ ಮಾತು ಬಿಟ್ಟರೆ ನಷ್ಟ ನಿಮಗೇ ಅಲ್ವಾ?

ನಮ್ಮ ಅವ್ವನಿಗೂ ಚಿಗವ್ವನಿಗೂ ಪಾಟಲಿ ವಿಷಯಕ್ಕೆ ಹೀಗೇ ಆಗಿತ್ತು. ಸೋದರಮಾವ ಒಬ್ಬರೇ ಹಾವೇರಿಗೆ ಹೋದರು. ಚಹಾ ಕುಡಿದು, "ಪಾಟಲಿ ಎಲ್ಲಿ ಅದಾವ ತಂಗಿ? ಅದೊಂದು ಹೇಳ, ಮುಂದಿಂದು ನೋಡೋಣು" ಅಂದರಂತೆ. ಚಿಗವ್ವ ಸುಮ್ನೆ ಎದ್ದು ಹೋಗಿ, ಜೋಳದ ಹಿಟ್ಟಿನ ಡಬ್ಬಿ ಹಿಂದಿದ್ದ ಅಡವಿನ ಚೀಟಿ ತಂದು ಕೈಗಿಟ್ಟಳು. ಬಡ್ಡಿ ಅವ್ವ ಕಟ್ಟಿದಳು. ಅಸಲನ್ನು ಚಿಗವ್ವ ಬ್ಯಾಡಗಿ ಪ್ಯಾಟಿಗೆ ಮೆಣಸಿನಕಾಯಿ ಹಾಕಿದ ಮೇಲೆ ತೀರಿಸಿದಳು.

ನೀವೂ ಅಂಥ ಒಬ್ಬರನ್ನೇ ಕಳಿಸಿ. ಯಜಮಾನರು ಬೇಡ, ಅದು ಬೀಗರ ಜಗಳ ಆಗಿಬಿಡುತ್ತದೆ. ಪಂಚಮಿಗೆ ತವರಲ್ಲಿ ಎಲ್ಲರೂ ಕೂತಾಗ ಕೇಳೋದಂತೂ ಬೇಡವೇ ಬೇಡ. ಮಾತು ಮುಗಿದ ಮೇಲೆ ಸರದ ತೂಕ, ಕೊಡುವ ತಾರೀಖು, ಯಾರು ಎಷ್ಟು ಕಟ್ಟಬೇಕು ಅಂತ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಅಕ್ಕ-ತಂಗಿ ನಡುವೆ ಕಾಗದ ಯಾಕೆ ಅನ್ನೋರು ಇರ್ತಾರೆ. ನನ್ನ ಪ್ರಕಾರ ಅಲ್ಲೇ ಕಾಗದ ಜಾಸ್ತಿ ಬೇಕು.

ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಕೇಸ್ ಹಾಕುವ ಮೊದಲೇ ಇಬ್ಬರನ್ನೂ ಕರೆಸಿ ರಾಜಿ ಮಾಡಿಸಲು ನೋಡುತ್ತಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಕೋರ್ಟ್ ಡಿಕ್ರಿಯಷ್ಟೇ ಬಲ. ಸಹಾಯವಾಣಿ 15100.

ಹರಾಜಿನ ತಾರೀಖು ಹತ್ತಿರ ಬಂದಿದ್ದರೆ ಮಾತ್ರ ಇದಕ್ಕೆಲ್ಲ ಕಾಯಬೇಡಿ. ಬಾಕಿ ಬಡ್ಡಿಯನ್ನು ಅಕ್ಕನ ಸಾಲದ ಖಾತೆಗೆ ನೀವೇ ಕಟ್ಟಿ, ರಸೀದಿ ಇಟ್ಟುಕೊಳ್ಳಿ, ಆಮೇಲೆ ಮಾತಿಗೆ ಕೂತುಕೊಳ್ಳಿ.